ಹುಳವಿಲ್ಲದ ರೇಷ್ಮೆ

ನೂಲುಗೊಪ್ಪರಿಗೆ ಕೆಲಸ ಶುರುಮಾಡಿ ಮೂರು ದಿನವಾದರೂ ಒಂದು ಮೊಳ ದಾರ ಬಿಟ್ಟಿರಲಿಲ್ಲ. ಸೂಕ್ಷ್ಮಜೀವಿಗಳು ತಯಾರಿಸಿದ ರೇಷ್ಮೆ ಪ್ರೋಟೀನು ಗಾಜಿನ ತೊಟ್ಟಿಯಲ್ಲಿ ಗಂಟುಗಂಟಾಗಿ ಕೂತಿತ್ತು.

ಹುಳವಿಲ್ಲದೆ ರೇಷ್ಮೆ ನೂಲುವ ಯಂತ್ರ ಅದು. ಅಂದು ಸಂಜೆಯೊಳಗೆ ನೂಲು ಬಾರದಿದ್ದರೆ ಮರುದಿನದಿಂದ ಮತ್ತೆ ಗೂಡು ಬೇಯಿಸುವುದೆಂದು ಕಾರ್ಖಾನೆಯವರು ಹೇಳಿಬಿಟ್ಟಿದ್ದರು. ಜೀವವಿದ್ದ ಗೂಡುಗಳನ್ನು ಮೂವತ್ತು ವರ್ಷ ಕುದಿನೀರಿಗೆ ಹಾಕಿ ನೂಲು ಬಿಚ್ಚಿದ್ದ ಪಿಳ್ಳಮ್ಮ, ಇನ್ನು ತನ್ನ ಕೈಯಿಂದ ಒಂದು ಜೀವವೂ ಹೋಗದಿರಲೆಂದು ದೇವರನ್ನು ಬೇಡಿಕೊಂಡೇ ಯಂತ್ರದ ಕೆಲಸಕ್ಕೆ ಬಂದಿದ್ದಳು.

ಯಂತ್ರ ಕಟ್ಟಿದ ವಿಜ್ಞಾನಿ ಡಾ. ಜಬೀನಾ ತೊಟ್ಟಿಯ ದ್ರಾವಣವನ್ನು ಪರೀಕ್ಷಿಸಿ ಹುಬ್ಬೇರಿಸಿದರು.

"ಪಿಳ್ಳಮ್ಮನೋರೆ, ಇದರೊಳಗೆ ಏನಾದ್ರೂ ಹಾಕಿದ್ರಾ?"

"ನಾನೇನ್ ಹಾಕ್ಲಿ ಮೇಡಂ? ದಿನಾ ಹಾಕೋದೇ. ಒಂದ್ ಹಿಡಿ ಉಪ್ಪು."

"ಉಪ್ಪಾ! ಇದೇನು ಸಾರಾ?"

"ಹುಳದ ಉಪ್ಪು ತಿಂದೋರು ನಾವು. ಒಂದ್ ಹಿಡಿ ಹಾಕಿ, ತಪ್ಪಾಯ್ತು ಕಣಪ್ಪಾ ಅಂತ ಕೈಮುಗಿದೇ ಕೆಲಸ ಹಿಡಿಯೋದು. ನಮ್ಮತ್ತೆ ಕಾಲದಿಂದ ಹಂಗೇ."

ಜಬೀನಾ ನಕ್ಕುಬಿಟ್ಟರು. ಆಮೇಲೆ ಬಿಡಿಸಿ ಹೇಳಿದರು. ಹುಳದ ಮೈಯೊಳಗೆ ರೇಷ್ಮೆ ದ್ರವವಾಗಿಯೇ ಇರುತ್ತದೆ. ಅದು ಬಾಯಿಯತ್ತ ಹರಿದಂತೆ ಸುತ್ತಲಿನ ಅಡುಗೆ ಉಪ್ಪಿನ ಅಂಶ ಕಡಿಮೆಯಾಗಿ ಹುಳಿಯಂಶ ಏರುತ್ತದೆ. ಆಗ ಪ್ರೋಟೀನಿನ ಕಣಗಳು ಸಾಲಾಗಿ ಕೂಡಿ ಎಳೆಯಾಗುತ್ತವೆ. ಹಿಡಿ ಉಪ್ಪು ಬಿದ್ದು ಅಳತೆ ತಪ್ಪಿದರೆ ಅವೇ ಕಣಗಳು ಮುದ್ದೆಯಾಗುತ್ತವೆ. ಯಾವುದಾಗಬೇಕೆಂದು ತೀರ್ಮಾನಿಸುವುದು ಸುತ್ತಲಿನ ನೀರು.

"ಇದರಲ್ಲಿ ಹುಳಾನೇ ಇಲ್ವಲ್ಲಮ್ಮ. ಯಾರ ಹತ್ರ ತಪ್ಪಾಯ್ತು ಅಂತೀರಿ?"

"ಅದೂ ಸರಿಯೇ," ಎಂದು ಪಿಳ್ಳಮ್ಮ ತೊಟ್ಟಿ ತೊಳೆಯಲು ಕೂತಳು.

ಹೊಸ ದ್ರಾವಣ ತುಂಬಿದ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಎಳೆ ಬಂತು. ಕಡಿಯದೆ ರಾಟೆಗೆ ಸುತ್ತಿಕೊಂಡಿತು. ಎರಡು ವರ್ಷದಲ್ಲಿ ಊರೂರಿಗೂ ನೂಲುಗೊಪ್ಪರಿಗೆಗಳು ಬಂದವು. ಗೂಡು ಕೊಳ್ಳುವವರಿಲ್ಲದೆ ರೈತರು ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಿದರು.

"ಮೇಡಂ, ಈಗ ಹುಳ ಎಲ್ಲಿರ್ತವೆ?" ಪಿಳ್ಳಮ್ಮ ಒಂದು ದಿನ ಕೇಳಿದಳು. "ಕಾಡಿಗೆ ಹೋದ್ವಾ?"

ಜಬೀನಾ ಹೇಳಿದರು: "ಅವಕ್ಕೆ ಕಾಡು ಗೊತ್ತಿಲ್ಲಮ್ಮ. ಸಾವಿರಾರು ವರ್ಷದಿಂದ ಮನುಷ್ಯರೇ ಸಾಕಿದ್ದು. ಚಿಟ್ಟೆಗೆ ಹಾರೋಕೂ ಬರಲ್ಲ. ನಾವು ಸೊಪ್ಪು ಹಾಕದಿದ್ರೆ..."

"ಅಯ್ಯೋ ಶಿವನೇ! ನಾನು ಬೇಡ್ಕೊಂಡಿದ್ದು ಇದನ್ನಲ್ಲ."

ಮುಚ್ಚುವುದರಲ್ಲಿದ್ದ ರೇಷ್ಮೆಮೊಟ್ಟೆ ಕೇಂದ್ರದಿಂದ ಅವಳು ಒಂದು ಹಾಳೆಗೆ ಅಂಟಿದ್ದ ಹುಳದ ಮೊಟ್ಟೆ ತಂದಳು. ಪಕ್ಕದ ಹೊಲದ ಬದುವಿನಲ್ಲಿ ಉಳಿದಿದ್ದ ನಾಲ್ಕು ಹಿಪ್ಪುನೇರಳೆ ಗಿಡದ ಸೊಪ್ಪು ಕೊಯ್ದು ಹಾಕಿದಳು. ಹುಳಗಳು ಗೂಡು ಕಟ್ಟಿದವು. ಅವಳು ಒಲೆ ಹಚ್ಚಲಿಲ್ಲ, ಕಾದಳು. ಗೂಡು ತೂತು ಮಾಡಿಕೊಂಡು ಬಂದ ಬಿಳಿ ಚಿಟ್ಟೆಯೊಂದು, ರೆಕ್ಕೆ ಬಡಿದರೂ ಏಳಲಾರದೆ, ಅವಳ ಅಂಗೈ ಹತ್ತಿತು.

ನೋಡಲು ಬಂದಿದ್ದ ಜಬೀನಾ ಮೆಲ್ಲಗೆ ಹೇಳಿದರು: "ಮೊಟ್ಟೆ ಇಟ್ಟು ನಾಲ್ಕೈದು ದಿನಕ್ಕೆ ಸಾಯುತ್ತೆ."

"ಅದರ ಸಾವು ಅದು ಸಾಯ್ಲಿ ಬಿಡಿ ಮೇಡಂ," ಎಂದು ಪಿಳ್ಳಮ್ಮ ಮೊಟ್ಟೆಗೆ ಹೊಸ ಹಾಳೆ ಹಾಸಿದಳು.