ಎಂಟೇ ಜನರ ಗುಂಪು

"ಎಷ್ಟು ಬೇಗ ಏರಿಸ್ದೆ?"

ಪ್ರಭಾಕರನ್ ತಿಲಗವತಿಯನ್ನು ಮೊದಲ ಸಲ ಎದುರಿಗೆ ಕಂಡಾಗ ಕೇಳಿದ್ದು ಇಷ್ಟೇ. ಇಬ್ಬರ ನಡುವೆ ರಂಗಮ್ಮಾಳ್ ಅವರ ಹಸು ಸತ್ತು ಬಿದ್ದಿತ್ತು. ಅಜ್ಜಿ ಕರುವನ್ನು ತಬ್ಬಿಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಗೋಳಾಡುತ್ತಿದ್ದರು.

ಕರು ಹಾಕಿ ಕುಸಿದ ಹಸುವಿನ ರಕ್ತನಾಳಕ್ಕೆ ಪಶುವೈದ್ಯೆ ತಿಲಗವತಿ ಕ್ಯಾಲ್ಸಿಯಂ ಏರಿಸಿದ್ದಳು; ಬೇಗ ಏರಿದರೆ ಹೃದಯವೇ ನಿಲ್ಲಿಸುವ ಮದ್ದು ಅದು. ಗಾಬರಿಯಾಗಿ ಫೋನ್ ಮಾಡಿದ್ದು ಅವನಿಗೇ... ಅವನು ಉತ್ತಮಪಾಳಯಂನಿಂದ ಮಾರ್ಕಯನ್‌ಕೋಟ್ಟೈಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳ ಕೈಯಲ್ಲಿ ಸತ್ತ ಎರಡನೇ ಹಸು ಇದು!

ಮೊದಲನೆಯದು ಸತ್ತಾಗ, ನಲವತ್ತು ಸಾವಿರ ಪಶುವೈದ್ಯರಿರುವ ಫೇಸ್‌ಬುಕ್ ಗುಂಪಿನಲ್ಲಿ ಏನೂ ಮುಚ್ಚಿಡದೆ ಬರೆದು ಸಲಹೆ ಕೇಳಿದ್ದಳು. ಹೆಸರು ಮರೆಸಿಕೊಂಡ ಯಾರೋ ಉತ್ತರಿಸಿದ್ದ: "ಕೊಂದದ್ದು ಕಾಯಿಲೆಯಲ್ಲ, ನಿನ್ನ ಅವಸರ. ಸೂಜಿ ಬಿಟ್ಟು ಮೊರ ಹಿಡಿ."

ನೂರಾರು ಜನ ನಕ್ಕರು. ಅವಳು ಆ ಗುಂಪನ್ನೇ ಬಿಟ್ಟಳು. ಬೈದು ಹೇಳಿದವರು ಬದುಕಲಿಕ್ಕೆ ಹೇಳಿದರು ಎನ್ನುವ ಗಾದೆ ಅಂಥ ಹೊತ್ತಲ್ಲಿ ಯಾರಿಗೆ ನೆನಪಾಗುತ್ತದೆ?

ಉಳಿದದ್ದು ಪುಟ್ಟ ವಾಟ್ಸಾಪ್ ಗುಂಪು. ತಮಿಳುನಾಡಿನ ಕಂಬಂನಿಂದ ದಿಂಡಿಗಲ್‌ವರೆಗೆ, ಮನೆಯಲ್ಲಿ ಕನ್ನಡ ಆಡುವ ಎಂಟೇ ಪಶುವೈದ್ಯರು. ಅಲ್ಲಿ ಎಲ್ಲರೂ ನಮ್ಮವರು ಎಂದು ನಾಚಿ, ಬೇಗ ಏರಿಸಿದ್ದನ್ನು ಮುಚ್ಚಿಟ್ಟು ಅರ್ಧವನ್ನಷ್ಟೇ ಹೇಳಿದಳು. "ಹಸು ಆಯಸ್ಸು ಅಷ್ಟೇ, ಬಿಡು ತಿಲಗಾ" ಎಂದು ಆ ಎಂಟರಲ್ಲೊಬ್ಬನಾದ ಪ್ರಭಾಕರನ್ ದಿನವೂ ಸಂತೈಸಿದ. ಆ ಮಾತಿಗೇ ಹುಡುಗಿ ಮನಸ್ಸು ಸೋತಳು!

"ಹೇಳು. ಹೋದ ಸಲದಂಗೇ ಗಡಗಡ ಏರಿಸ್ಬಿಟ್ಟೆಯಾ?" ಕೊಟ್ಟಿಗೆಯಲ್ಲಿ ಅವನು ಮತ್ತೆ ಕೇಳಿದ.

ಅವಳು ಬೆಚ್ಚಿದಳು. 'ಅದನ್ನು ಬರೆದದ್ದು ದೊಡ್ಡ ಗುಂಪಿನಲ್ಲಿ ಮಾತ್ರ...'

"ಮೊರ ಹಿಡಿ ಅಂದೋರು... ನೀವಾ?"

ಅವನು ತಲೆ ತಗ್ಗಿಸಿದ. "ನಾನೇ. ಅಲ್ಲಿ ನನ್ ಹೆಸರಿಲ್ಲ, ನಿಜ ಹೇಳ್ದೆ. ಇಲ್ಲಿ ಹೇಳಿದ್ರೆ ನೀ ಮಾತೇ ಬಿಡ್ತೀಯಂತ ಭಯ..."

"ನನ್ ಕಣ್ಣಿಗೆ ಒಳ್ಳೇರಾಗಿರೋಕೆ ಸುಳ್ಳು ಹೇಳಿದ್ರಾ!"

"ಮೆಲ್ಲಗೆ! ಹಣೆಬರಹ ಅಂತ ಅಜ್ಜಿಗೆ ನಾ ಹೇಳ್ತೀನಿ. ಸುಮ್ಕಿರು."

ತಿಲಗವತಿ ಅವನನ್ನು ದಾಟಿ ಅಜ್ಜಿಯ ಬಳಿ ಹೋದಳು. "ಪಾಟಿ, ಹಣೆಬರಹ ಅಲ್ಲ. ಮದ್ದು ಅವಸರದಲ್ಲಿ ಏರಿಸಿ ನಾನೇ ಕೊಂದೆ."

"ಅಡಿ ಪಾವಿ! ನಿನ್ ಕೈಗೆ ಹುಳ ಬೀಳ!" ರಂಗಮ್ಮಾಳ್ ಎಸೆದ ಸಗಣಿ ಅವಳ ಮುಖಕ್ಕೆ ಬಡಿಯಿತು.

ಪ್ರಭಾಕರನ್ ಪಕ್ಕಕ್ಕೆ ಬಂದು ನಿಂತ. "ಗೊತ್ತಿದ್ದೂ ಬಾಯ್ಮುಚ್ಚಿಕೊಂಡೋನು ನಾನು ಪಾಟಿ. ನಂಗೂ ಹೊಡಿ."

ಅಜ್ಜಿ ಹೊಡೆದರು.

ಬೀದಿಗೆ ಬಂದಾಗ ಅವಳು ಬಿಕ್ಕುತ್ತಿದ್ದಳು. "ಇನ್ಮೇಲೆ ನನ್ ಮುಖ ನೋಡಿ ನಿಜ ಹೇಳ್ರಿ."

"ನೀ ಇನ್ನೂ ಒಳ್ಳೆ ಡಾಕ್ಟರಲ್ಲ ತಿಲಗಾ."

ಆದರೂ ಅವನ ಕೈ ಹಿಡಿದಳು. "ಇನ್ನೇನಾದ್ರೂ ನಿಜ ಐತಾ?"

"ನಿನ್ ಬಿಟ್ಟು ನಂಗಿರಕ್ಕಾಗಲ್ಲ."

"ಈ ಎರಡು ಮಾತು ಹೇಳೋಕೆ... ಒಂದು ಜೀವ ಹೋಗ್ಬೇಕಿತ್ತಾ?"

ಅವನು ಇನ್ನೊಂದು ಕೈಯಿಂದ ಅವಳ ಕೆನ್ನೆಯ ಸಗಣಿ ಒರೆಸಿದ. ಅವಳು ಕೈ ಬಿಡಲಿಲ್ಲ.