ಮುಳ್ಳುಹಂದಿಗೊಂದು ವಸಂತದ ಧಾಟಿ

ಬಹಳ ಬಹಳ ಹಿಂದೆ, ಬೆಳ್ಮುಗಿಲು ಎಂಬ ರಾಜ್ಯದ ಕಾಡಿನಲ್ಲಿ ದಾರಿ ತಪ್ಪಿದ ಹೆಂಗಸೊಬ್ಬಳು ಒಂದು ಮುಳ್ಳುಹಂದಿಯನ್ನು ದಾರಿ ಕೇಳುತ್ತಿದ್ದಳು.

"ಅರಮನೆಗೆ ಹೀಗೆ ಹೋಗ್ಬೇಕಾ, ಹಾಗೆ ಹೋಗ್ಬೇಕಾ?"

"ಹೀಗೆ ಹೋದ್ರೆ ಹಿಮದ ಕಂದರ, ಹಾಗೆ ಹೋದ್ರೆ ಹಿಮದ ಕೆರೆ. ನೀನು ಯಾರಕ್ಕಾ?"

"ಕನಕವಲ್ಲಿ. ಏಳು ದೇಶ ಸುತ್ತಿದವಳು. ನನ್ನ ಪಿಯಾನೊ ಕೇಳಿ ಏಳು ದೇಶದ ದೊರೆಗಳೂ ಎದ್ದು ನಿಂತಿದ್ದಾರೆ."

"ಏಳು ದೇಶ ಸುತ್ತಿದವಳಿಗೆ ಒಂದು ಕಾಡು ದಾಟೋಕೆ ಬರಲಿಲ್ವಾ?"

ಕನಕವಲ್ಲಿಗೆ ನಗು ಬಂತು. ದಾರಿಯುದ್ದಕ್ಕೂ ಅವಳನ್ನು ಹಂಗಿಸಿದವರು ಬಹಳ ಮಂದಿ, ಇಷ್ಟು ಸೊಗಸಾಗಿ ಹಂಗಿಸಿದವರು ಕಡಿಮೆ.

"ದಾರಿ ತೋರಿಸ್ತೀನಿ," ಎಂದಿತು ಮುಳ್ಳುಹಂದಿ. "ಆದ್ರೆ ನನ್ನ ಮೇಲೊಂದು ಧಾಟಿ ಕಟ್ಟಿ ನುಡಿಸ್ಬೇಕು. ಆನೆಗಿದೆ, ನವಿಲಿಗಿದೆ, ಹಂಸಕ್ಕಂತೂ ಲೆಕ್ಕವೇ ಇಲ್ಲ. ಮುಳ್ಳುಹಂದಿಗೆ ಯಾರು ಕಟ್ಟಿದ್ದಾರೆ ಹೇಳು?"

"ಆಗಲಿ ಮುಳ್ಳಪ್ಪಾ. ಇದು ನನ್ನ ಮೇಲಿನ ಋಣ."

ಮುಳ್ಳುಹಂದಿ ಮುಂದೆ ನಡೆಯಿತು. ಎರಡು ಪುಟ್ಟ ಹೆಜ್ಜೆ, ಒಂದು ನಿಲುವು, ಬೆನ್ನು ಕೊಡವಿದರೆ ಮುಳ್ಳುಗಳ ಗಲಗಲ. ಕನಕವಲ್ಲಿ ಹಿಂದೆ ನಡೆದಳು.

ಬೆಳ್ಮುಗಿಲಿನಲ್ಲಿ ವಸಂತ ತಾನಾಗಿ ಬರುತ್ತಿರಲಿಲ್ಲ. ಪ್ರತಿ ವರ್ಷ ಅರಮನೆಯ ಪಿಯಾನೊದಲ್ಲಿ ಮೂರು ಹಗುರವಾದ ಧಾಟಿ ನುಡಿಸಿದರೆ ಮಾತ್ರ ಬೆಟ್ಟದಿಂದ ಇಳಿದು ಬರುತ್ತಿತ್ತು. ಶೀತಕೇತು ಎಂಬ ಮಾಂತ್ರಿಕ ಆ ಪಿಯಾನೊದ ಪಕ್ಕದಲ್ಲೇ ಮಂಜಿನ ಪೀಠ ಹಾಕಿಕೊಂಡು ಕೂತ ಮೇಲೆ ಮೂರು ವರ್ಷದಿಂದ ಬರೀ ಚಳಿ. ಹನ್ನೊಂದು ಮಂದಿ ವಿದ್ವಾಂಸರು ಬಂದರು. ಮಾಂತ್ರಿಕನ ಮುಂದೆ ಸಣ್ಣದನ್ನು ನುಡಿಸುವುದೇ ಎಂದು ಹನ್ನೊಂದು ಮಂದಿಯೂ ತಮ್ಮ ಅತಿ ದೊಡ್ಡ, ಅತಿ ಕಷ್ಟದ ಕೃತಿಗಳನ್ನೇ ನುಡಿಸಿದರು. ಹನ್ನೊಂದು ಮಂದಿಯೂ ಮಂಜಿನ ಗೊಂಬೆಗಳಾಗಿ ಅಂಗಳದಲ್ಲಿ ನಿಂತರು.

"ಷರತ್ತು ಮೂರು," ಎಂದ ಶೀತಕೇತು, ವಸಂತವನ್ನು ಕರೆಯಲು ಅರಮನೆಗೆ ಬಂದು ಪಿಯಾನೊದ ಮುಂದೆ ನಿಂತ ಕನಕವಲ್ಲಿಗೆ. "ಮೊದಲ ಧಾಟಿಗೆ ಕಿಟಕಿಯ ಮಂಜು ಬೀಳಬೇಕು. ಎರಡನೆಯದಕ್ಕೆ ಅಂಗಳದ ಮಾವು ಚಿಗುರಬೇಕು. ಮೂರನೆಯದಕ್ಕೆ ನನ್ನ ಕಾಲು ತಾಳ ಹಾಕಬೇಕು. ಮುನ್ನೂರು ವರ್ಷದಿಂದ ಹಾಕಿಲ್ಲ. ಸೋತರೆ ನೀನು ಹನ್ನೆರಡನೆಯ ಗೊಂಬೆ."

"ಬೇಡಮ್ಮಾ, ಹಿಂತಿರುಗಿ ಹೋಗು," ಎಂದಳು ಮೂರು ಕಂಬಳಿ ಹೊದ್ದ ರಾಣಿ ಮಲ್ಲಾಂಬೆ.

"ಬಂದದ್ದು ಹಿಂತಿರುಗೋಕಲ್ಲ ತಾಯೀ."

ಕನಕವಲ್ಲಿ ಮೊದಲು ಕಡಲೂರಿನ ಅಂಬಿಗರಿಂದ ಕಲಿತ ದೋಣಿಯ ಧಾಟಿ ನುಡಿಸಿದಳು. ಅಲೆ ಏರಿದಂತೆ, ಅಲೆ ಇಳಿದಂತೆ. ಕಿಟಕಿಯ ಮಂಜು ಚಟಪಟ ಬಿತ್ತು.

ಆಮೇಲೆ ಮರಳುಗಾಡಿನ ಮದುವೆಯಲ್ಲಿ ಬೀಗರು ಕುಣಿಯುವ ಧಾಟಿ. ನಡುನಡುವೆ ಬಿಕ್ಕಳಿಕೆ ಬಂದಂತೆ ತಡೆದು ಓಡುವಂಥದ್ದು. ಅಂಗಳದ ಮಾವು ಕೆಂಪಗೆ ಚಿಗುರಿತು.

ಶೀತಕೇತು ಆಕಳಿಸಿದ. "ಮಕ್ಕಳಾಟ. ಏಳು ದೇಶದ ದೊರೆಗಳು ಎದ್ದು ನಿಂತದ್ದು ಇದಕ್ಕೇನಾ? ಪಾಪ, ಅವರಿಗೂ ಕೂತು ಸಾಕಾಗಿತ್ತೇನೋ."

ಕನಕವಲ್ಲಿಗೆ ಚುರುಕ್ ಎಂದಿತು. ತೋರಿಸ್ತೀನಿ ಇವನಿಗೆ ಎಂದುಕೊಂಡು, ಬಿರುಗಾಳಿಯ ಹಾಗೆ ಹತ್ತೂ ಬೆರಳು ಬೇಡುವ ತನ್ನ ಮಹಾಕೃತಿಗೆ ಕೈ ಹಾಕಿದಳು. ನಾಲ್ಕು ಆವರ್ತ ಮುಗಿಯುವುದರೊಳಗೆ ಎಡಗೈ ಕಲ್ಲಾಯಿತು. ಬಲಗೈಯ ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು ಮಂಜಾದವು. ಅಂಗಳದ ಹನ್ನೊಂದು ಮಂದಿ ಸೋತದ್ದು ಎಲ್ಲಿ ಎಂದು ಅವಳಿಗೆ ಆಗ ಹೊಳೆಯಿತು.

ಉಳಿದದ್ದು ಎರಡೇ ಬೆರಳು. ಎರಡು ಬೆರಳಿಗೆ ಸರಿಹೊಂದುವ ಧಾಟಿ ಏಳು ದೇಶದಲ್ಲೂ ಇರಲಿಲ್ಲ. ಆದರೆ ಬರುವ ದಾರಿಯಲ್ಲಿ ಕಂಡದ್ದೊಂದಿತ್ತು.

ಎರಡು ಪುಟ್ಟ ಹೆಜ್ಜೆ, ಒಂದು ನಿಲುವು. ಎರಡು ಪುಟ್ಟ ಹೆಜ್ಜೆ, ಒಂದು ನಿಲುವು. ಪಿಯಾನೊದ ಬಲತುದಿಯ ಬಿಳಿ ಕೀಲಿಗಳ ಮೇಲೆ ಮುಳ್ಳುಗಳ ಗಲಗಲ.

ಶೀತಕೇತುವಿನ ಕಾಲ್ಬೆರಳು ಅಲುಗಿತು. ಅವನು ಕೈಯಿಂದ ಒತ್ತಿ ಹಿಡಿದ. ಹಿಮ್ಮಡಿ ಎದ್ದಿತು. ಕಾಲು ಟಪ್ಪೆಂದು ನೆಲಕ್ಕೆ ಬಡಿಯಿತು! ಬಡಿದ ಕಾಲು ನಿಲ್ಲಲಿಲ್ಲ. ಮಾಂತ್ರಿಕ ಕುಣಿದ, ಕುಣಿಯುತ್ತ ಕರಗಿದ, ನೀರಾಗಿ ಹೊಸ್ತಿಲು ದಾಟಿ ಹರಿದುಹೋದ. ಬೆಟ್ಟದಿಂದ ವಸಂತ ಇಳಿಯಿತು. ಅವಳ ಬೆರಳುಗಳು ಬಿಸಿಯಾದವು. ಅಂಗಳದಲ್ಲಿ ಹನ್ನೊಂದು ಸೀನು ಕೇಳಿಸಿತು.

"ಎರಡೇ ಬೆರಳಿನ ಧಾಟಿಯಾ?" ಎಂದು ಮೂಗು ಮುರಿದರು ಕರಗಿದ ವಿದ್ವಾಂಸರೊಬ್ಬರು.

ಕನಕವಲ್ಲಿ ತಲೆ ಎತ್ತಿ ನಿಂತಳು. "ಹೌದು ಸ್ವಾಮಿ, ಎರಡೇ. ಉಳಿದ ಎಂಟಕ್ಕೆ ಅಷ್ಟು ವಿದ್ಯೆ ಸಾಲದು."

ರಾಣಿ ಅರ್ಧ ರಾಜ್ಯ ಕೊಡಲು ಬಂದಳು. ಒಂದೇ ಊರಲ್ಲಿ ಹತ್ತು ದಿನ ನಿಲ್ಲಲಾರದವಳಿಗೆ ರಾಜ್ಯ ಯಾಕೆ? ಅವಳು ಕೇಳಿದ್ದು ಎಂಟು ಎತ್ತು, ಒಂದು ಗಾಡಿ. ಗಾಡಿಯ ಮೇಲೆ ಪಿಯಾನೊ ಏರಿಸಿ ಕಾಡಿಗೆ ಹೊರಟಳು. ಹಿಂದೆ ರಾಣಿ, ಹಿಂದೆ ಊರಿಗೆ ಊರೇ, ಎಲ್ಲರ ಬಾಯಲ್ಲೂ ಅದೇ ಧಾಟಿ. ಆ ನಾಡಿನವರು ಇಂದಿಗೂ ಪ್ರತಿ ವಸಂತವನ್ನೂ ಅದರಿಂದಲೇ ಶುರು ಮಾಡುತ್ತಾರೆ, ಸುಖವಾಗಿದ್ದಾರೆ.

ಕಾಡಂಚಿನಲ್ಲಿ ಮುಳ್ಳುಹಂದಿ ಕಾದು ಕೂತಿತ್ತು. ಅವಳು ಎರಡು ಬೆರಳಿನಲ್ಲಿ ನುಡಿಸಿದಳು, ಅದೊಂದಕ್ಕೇ, ಮೊದಲಿಂದ ಕೊನೆಯವರೆಗೆ. ಅದರ ಒಂದೊಂದು ಮುಳ್ಳೂ ಕಿರೀಟದ ಹಾಗೆ ನೆಟ್ಟಗೆ ನಿಂತಿತು.

"ಇದು ನಾನೇನಾ ಅಕ್ಕಾ?"

"ನೀನೇ ಮುಳ್ಳಪ್ಪಾ. ಋಣ ತೀರಿತಾ?"

"ಹಂಸಕ್ಕೂ ಒಂದ್ಸಲ ಕೇಳಿಸಿಬಿಡು," ಎಂದಿತು ಮುಳ್ಳುಹಂದಿ. "ಆಮೇಲೆ ತೀರಿತು."

ಕನಕವಲ್ಲಿ ಗಾಡಿಯನ್ನು ಕೆರೆಯ ಕಡೆಗೆ ತಿರುಗಿಸಿದಳು.