ಇಡ್ಲಿಯ ಪೇಜ್

“ಅಣ್ಣಾ, ನನ್ ಇಡ್ಲಿ ಎಲ್ಲಿ ಹೋತು?”

ಹೇಮಾ ಕೂಗಿದ ಕೂಗು ಸತ್ಯನಾರಾಯಣಪೇಟೆಯ ಅರ್ಧ ಓಣಿಗೆ ಕೇಳಿಸಿರಬೇಕು.

ಇಡ್ಲಿ ಎಂದರೆ ತಿನ್ನುವುದಲ್ಲ, ಓಣಿಯ ಬಿಳಿ ನಾಯಿ. ಅದಕ್ಕೆ ದಿನಾ ಅನ್ನ ಹಾಕುತ್ತಿದ್ದ ಗೆಳತಿ ದಾಕ್ಷಾಯಣಿ ಹೋದ ತಿಂಗಳು ಸಿರುಗುಪ್ಪಕ್ಕೆ ಮನೆ ಬದಲಾಯಿಸಿದಳು. ಹೊಸ ಬಾಡಿಗೆ ಮನೆಯವರು ನಾಯಿ ಬೇಡವೇ ಬೇಡ ಎಂದರು.

“ಅಳಬ್ಯಾಡಲೇ, ಅದರ ಸುದ್ದಿ ವೆಬ್‌ಸೈಟಿನಾಗ ಹಾಕ್ತೀನಿ” ಎಂದು ಹೇಮಾ ಮಾತು ಕೊಟ್ಟಿದ್ದಳು. ಇವತ್ತು ಸಂಜೆ ದಾಕ್ಷಾಯಣಿ ತನ್ನಮ್ಮನ ಫೋನಿನಲ್ಲಿ ನೋಡುತ್ತಾಳೆ. ಈಗ ನೋಡಿದರೆ ಬರೆದಿಟ್ಟ ಪೇಜೇ ಇಲ್ಲ!

ವೆಬ್‌ಸೈಟು ಅಣ್ಣ ಮಾರೇಶನದು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಅವನು ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಯುತ್ತಾನೆ. ಒಂದು ಹಳೆಯ ಲ್ಯಾಪ್‌ಟಾಪು, ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟ ಸಾಫ್ಟ್‌ವೇರು, ಇಷ್ಟರಲ್ಲೇ ಸೈಟು ಕಟ್ಟಿದ್ದ. “ನಿನಗ್ಯಾಕಲೇ ಇದೆಲ್ಲ?” ಎಂದವರಿಗೆ ಅವನು ಸೈಟಿನ ಅಡ್ರೆಸ್ ಕೊಟ್ಟ. ಅಣ್ಣನೆಂದರೆ ಹೇಮಾಗೆ ಅಷ್ಟು ಹೆಮ್ಮೆ.

ಈಗ ಮಾತ್ರ ಅವಳ ಮೂಗು ಕೆಂಪಾಗಿತ್ತು. “ನೀನ ಅಳಿಸಿಬಿಟ್ಟಿ!”

“ಎಲ್ಲಿ ಬರ್ದಿದ್ದಿ, ತೋರ್ಸು.”

ಅವಳು ಒಂದು ಫೋಲ್ಡರ್ ತೋರಿಸಿದಳು. ಮಾರೇಶ ಹಣೆ ಬಡಿದುಕೊಂಡ.

“ಲೇ ಹುಚ್ಚಿ, ಇದು ರೆಡಿಯಾದ ಮಾಲಿನ ಫೋಲ್ಡರ್. ನಾ ಬಿಲ್ಡ್ ಕೊಟ್ಟಾಗೆಲ್ಲ, ಅಂದ್ರ ಸೈಟ್ ಕಟ್ಟು ಅಂದಾಗೆಲ್ಲ, ಸಾಫ್ಟ್‌ವೇರು ಇದನ್ನ ಪೂರಾ ಖಾಲಿ ಮಾಡಿ ಹೊಸದಾಗಿ ಹೊಲಿತೈತಿ. ಬಟ್ಟಿ, ಅಂದ್ರ ನಾವು ಬರದದ್ದು, ಇಡೋ ಫೋಲ್ಡರ್ ಬ್ಯಾರೆ ಐತಿ, ಇಲ್ನೋಡು. ಇದರಾಗ ಬರದ್ರ ಮಾತ್ರ ಉಳಿತೈತಿ.”

“ಹಂಗಾರ ಅದು ವಾಪಸ್ ಬರಂಗಿಲ್ಲೇನು?”

“ಇಲ್ಲ.”

ಬೈಗುಳ ಬರುತ್ತದೆಂದು ಹೇಮಾ ತಲೆ ತಗ್ಗಿಸಿದಳು. ಮಾರೇಶ ಕುರ್ಚಿ ಬಿಟ್ಟು ಎದ್ದ.

“ಕುಂದ್ರು. ಇನ್ನೊಮ್ಮೆ ಬರಿ.”

“ನೀನ ಬರ್ದ್ಕೊಡಣ್ಣ, ಲಗೂ ಆಗ್ತೈತಿ.”

“ನಾ ಬರದ್ರ ಅದು ನಂದು ಆಗ್ತೈತಿ.”

ಹೇಮಾ ಮೂಗು ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಇಡ್ಲಿ ಆಟೋ ಸೀಟಿನ ಮೇಲೆ ಮಲಗುವುದು, ಪಾನಿಪುರಿ ಗಾಡಿಯ ಹಿಂದೆ ಓಡುವುದು, ಎಲ್ಲ ಬಂತು, ಜೊತೆಗೊಂದು ಫೋಟೋ ಕೂಡ. ಕೊನೆಗೆ ಕಪ್ಪು ಪರದೆಯಲ್ಲಿ ಅಣ್ಣ ಹೇಳಿದ ಬಿಲ್ಡಿನ ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು. ಇಡ್ಲಿ ಬಾಲ ಎತ್ತಿಕೊಂಡು ಪೇಜಿನಲ್ಲಿ ನಿಂತಿತ್ತು!

ಮಾರೇಶ ಅದನ್ನು ಇಂಟರ್‌ನೆಟ್ಟಿಗೆ ಏರಿಸಿದ. ಸಂಜೆ ಫೋನ್ ಬಂತು.

“ನೋಡಿದ್ನೇ! ಅಮ್ಮಗೂ ತೋರಿಸ್ದೆ!” ದಾಕ್ಷಾಯಣಿ ಕುಣಿಯುತ್ತಿದ್ದಂತಿತ್ತು. ಆಮೇಲೆ ಕೇಳಿದಳು, “ಇವತ್ತು ಅದು ಏನ್ ತಿಂತು?”

ಪೇಜಿನ ಗಡಿಬಿಡಿಯಲ್ಲಿ ನಿನ್ನೆಯಿಂದ ಹೇಮಾ ಇಡ್ಲಿಯ ಮುಖವನ್ನೇ ನೋಡಿರಲಿಲ್ಲ.

ಫೋನಿಟ್ಟು, ಒಂದು ತಟ್ಟೆ ಅನ್ನ ಹಿಡಿದು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ ಹೊಂಟಿ?” ಎಂದ ಮಾರೇಶ.

“ಪೇಜ್ ಬರಿಯಾಕ” ಎನ್ನುತ್ತಾ ಹೇಮಾ ಓಣಿಗಿಳಿದಳು.